ಬಿಲ್ಲೆ ಬೀಳುವ ಸದ್ದು

ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಸಣ್ಣಗೆ ಅದುರುತ್ತಿತ್ತು. ಚಳಿಗೆ ಹಲ್ಲು ಕಟಕಟಿಸಿದ ಹಾಗೆ, ತಡೆತಡೆದು ಬರುವ ಸದ್ದು. ಮನೆ ಮಲಗಿ ಬಹಳ ಹೊತ್ತಾಗಿತ್ತು. ಬಾಗಿಲ ಚಿಲಕ, ಗ್ಯಾಸಿನ ತಿರುಪು, ತೊಟ್ಟಿಲಲ್ಲಿರುವ ಮಗುವಿನ ಉಸಿರು, ಎಲ್ಲವನ್ನೂ ನೋಡಿ, ನೋಡಿದ್ದು ಸರಿಯೇ ಎಂದು ಮತ್ತೊಮ್ಮೆ ನೋಡಿ ಮಲಗುವವಳು ನಾನು. ಸದ್ದು ಕೇಳಿದರೆ ಎದ್ದೇ ಏಳುತ್ತೇನೆ. ಆ ರಾತ್ರಿ, ಅಮ್ಮ ಮಗುವಿನ ಹಾಲಿನ ಬಾಟಲಿ ಕುದಿಸುತ್ತಿರಬೇಕು ಎಂದುಕೊಂಡು ಮಗ್ಗುಲಾದೆ. ಸ್ವಲ್ಪ ಹೊತ್ತಿಗೆ ಸ್ಟವ್ ಆರಿತು. ಅಮ್ಮನ ಚಪ್ಪಲಿ ಸರಪರ ಎನ್ನುತ್ತ ಕೋಣೆಗೆ ಹೋಯಿತು.

ಮರುದಿನ ಮಧ್ಯಾಹ್ನದ ಹೊತ್ತಿಗೆ ನನ್ನ ತಮ್ಮ ಬದುಕಿರಲಿಲ್ಲ.

ನಾನು ಬಂದರಿನ ಹಿಂದಿನ ಬೀದಿಯಲ್ಲಿ, ಈಜುವವರಿಗೂ ಮುಳುಗುವವರಿಗೂ ಬೇಕಾದ ಸಾಮಾನು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ನೀರಿನ ಕನ್ನಡಕ, ಕಾಲಿಗೆ ಹಾಕುವ ರೆಕ್ಕೆ, ರಬ್ಬರಿನ ಅಂಗಿ ಇವು ಯಜಮಾನರ ಪಾಲು. ಸ್ನಾರ್ಕೆಲ್ ನನ್ನದು. ಕಂಡವರಿಗೆ ಅದು ಬಾಯಲ್ಲಿ ಕಚ್ಚಿಕೊಂಡು ಉಸಿರಾಡುವ ಒಂದು ಬಾಗಿದ ಕೊಳವೆ, ಅಷ್ಟೆ. ಬಣ್ಣ ನೋಡಿ ಕೊಳ್ಳಲು ಬರುತ್ತಾರೆ. ನಾನು ಪೊಲೀಸರ ಹಾಗೆ ವಿಚಾರಣೆಗೆ ನಿಲ್ಲುತ್ತಿದ್ದೆ. ಎಲ್ಲಿ ಈಜುತ್ತೀರಿ, ಅಲೆ ಇರುತ್ತದೆಯೇ, ಬರೀ ಮೇಲೆ ತೇಲುತ್ತೀರೋ ಕೆಳಗೂ ಹೋಗುತ್ತೀರೋ, ಹಲ್ಲು ಕಟ್ಟಿಸಿಕೊಂಡಿದ್ದೀರೋ. ಈಜುಕೊಳದಲ್ಲಿ ಅಭ್ಯಾಸ ಮಾಡುವವರಿಗೆ ಹಣೆಯ ನಡುವೆ ನೇರ ನಿಲ್ಲುವ ಕೊಳವೆ. ಪಕ್ಕಕ್ಕಿದ್ದರೆ ಬೀಸಿದ ಕೈ ತಗಲುತ್ತದೆ. ಸಿಲಿಂಡರ್ ಹೊತ್ತು ಆಳಕ್ಕೆ ಹೋಗುವವರಿಗೆ ಮಡಚಿ ಜೇಬಿಗೆ ಹಾಕುವಂಥದು. ಈಟಿ ಹಿಡಿದು ಮೀನು ಹೊಡೆಯುವವರಿಗೆ ವಾಲ್ವು ಗೀಲ್ವು ಏನೂ ಇಲ್ಲದ ಬರಿ ಕೊಳವೆ. ಗುಳುಗುಳು ಎಂದರೆ ಮೀನು ನಿಲ್ಲುವುದಿಲ್ಲ. ಮಕ್ಕಳಿಗೆ ಗಿಡ್ಡದು, ಸಪೂರದ್ದು. ದೊಡ್ಡವರದನ್ನು ಕೊಟ್ಟರೆ ಅವು ತಾವು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತವೆ.

ಒಮ್ಮೆ ಒಬ್ಬ ದಪ್ಪ ಮನುಷ್ಯ ಬಂದು, ಇದ್ದದ್ದರಲ್ಲೆಲ್ಲ ಉದ್ದನೆಯದು ಬೇಕು ಎಂದ.

"ಯಾಕೆ ಸಾರ್ ಉದ್ದ?"

"ಉದ್ದ ಇದ್ದಷ್ಟೂ ಆಳ ಹೋಗಬಹುದಲ್ಲ?"

"ಹೋಗಬಹುದು ಸಾರ್. ಬರೋದು ಕಷ್ಟ."

ಯಜಮಾನರು ಆ ಮಾತನ್ನು ವಾರಗಟ್ಟಲೆ ಬಂದವರಿಗೆಲ್ಲ ಹೇಳಿ ನಕ್ಕಿದ್ದರು.

ಮೇಲೆ ತೇಲುತ್ತ ಮೀನು ನೋಡುವ ಪ್ರವಾಸಿಗಳಿಗೆ ಮುಚ್ಚಳದ ಸ್ನಾರ್ಕೆಲ್ ಇತ್ತು. ಅದರ ತುದಿಯಲ್ಲೊಂದು ಪ್ಲಾಸ್ಟಿಕ್ ಗೂಡು, ಗೂಡಿನೊಳಗೆ ಹಗುರವಾದ ಒಂದು ಬಿಲ್ಲೆ. ಅಲೆ ಮೇಲೆ ಹಾಯ್ದರೆ ಬಿಲ್ಲೆ ತೇಲಿ ಎದ್ದು ಕೊಳವೆಯ ಬಾಯಿ ಮುಚ್ಚುತ್ತದೆ, ನೀರು ಒಳಗಿಳಿಯುವುದಿಲ್ಲ. ಅಲೆ ದಾಟಿದ ಮೇಲೆ ಟಕ್ ಎಂದು ಬೀಳುತ್ತದೆ, ಗಾಳಿ ಬರುತ್ತದೆ. ಕೆಳಗೆ ತುಟಿಯ ಹತ್ತಿರ, ಹೊರಕ್ಕೆ ಮಾತ್ರ ತೆರೆಯುವ ಇನ್ನೊಂದು ವಾಲ್ವು. ತಪ್ಪಿ ನೀರು ನುಗ್ಗಿದರೆ ಊದಿ ಅಲ್ಲಿಂದ ಹೊರಹಾಕಬಹುದು. ಆ ಟಕ್ ಕೇಳದೆ ನಾನು ಅಂಥದೊಂದನ್ನೂ ಕೈ ದಾಟಿಸಿದವಳಲ್ಲ. ಕೌಂಟರಿನ ಕೆಳಗೆ ನೀರು ತುಂಬಿದ ಬಕೆಟ್ ಸದಾ ಇರುತ್ತಿತ್ತು. ತಲೆಕೆಳಗಾಗದಂತೆ ನೇರವಾಗಿ ಮುಳುಗಿಸಿ, ಎತ್ತಿ, ಕಿವಿಯ ಪಕ್ಕ ಹಿಡಿಯುತ್ತಿದ್ದೆ. ಬಿಲ್ಲೆ ಬೀಳುವ ಸದ್ದು ಕೇಳಿದ ಮೇಲೆಯೇ ಮಾತು.

ತಮ್ಮ ದೋಣಿಗಳ ತಳ ಕೆರೆಯುವ ಕೆಲಸದವನು. ಉಸಿರು ಕಟ್ಟಿ ದೋಣಿಯಡಿ ಹೋಗುವುದು, ಅಂಟಿದ ಪಾಚಿ ಚಿಪ್ಪುಗಳನ್ನು ಕೆರೆಯುವುದು, ಮೇಲೆ ಬಂದು ಕೊಳವೆಯಲ್ಲಿ ತುಂಬಿದ ನೀರನ್ನು ಇದ್ದಬದ್ದ ಉಸಿರಿನಿಂದ ಫೂ ಎಂದು ಊದುವುದು, ಆಮೇಲೆ ಗಾಳಿ ಎಳೆಯುವುದು. ಕೊಳವೆಯನ್ನು ಬಾಯಿಂದ ತೆಗೆಯುತ್ತಲೇ ಇರಲಿಲ್ಲ. ಬೇರೆಯವರು ಬೀಡಿ ಕಚ್ಚಿಕೊಂಡು ಕೆಲಸ ಮಾಡುವ ಹಾಗೆ ಅವನಿಗೆ ಅದು. ಅವನದು ಬರಿ ಕೊಳವೆ. ಗಟ್ಟಿ ರಬ್ಬರು, ಕಪ್ಪು ಹೋಗಿ ಬೂದಿಯ ಬಣ್ಣಕ್ಕೆ ಬಂದಿತ್ತು.

ಮಗು ಹುಟ್ಟಿದ ಮೇಲೆ ಅವನು ತಳ ಕೆರೆಯುವುದನ್ನು ಕಡಿಮೆ ಮಾಡಿ, ಪ್ರವಾಸಿಗಳನ್ನು ಬಂಡೆಗಳ ಕಡೆ ಕರೆದೊಯ್ಯುವ ಬೋಟಿನಲ್ಲಿ ಕೆಲಸ ಹಿಡಿದ. ಬೆಳಗಿನಿಂದ ಅಲೆಯ ಮೇಲೆ ತೇಲುತ್ತ ಅವರನ್ನು ಕಾಯಬೇಕು. ಹಳೆಯ ಕೊಳವೆಗೆ ಕ್ಷಣಕ್ಷಣಕ್ಕೂ ನೀರು ನುಗ್ಗುತ್ತದೆ ಎಂದು ಅಂಗಡಿಗೆ ಬಂದ. ನಾನು ಮುಚ್ಚಳದ್ದನ್ನು ಆರಿಸಿ, ಬಕೆಟ್ಟಿನಲ್ಲಿ ಮುಳುಗಿಸಿ, ಅವನ ಕಿವಿಗೇ ಹಿಡಿದು ಟಕ್ ಕೇಳಿಸಿದೆ.

"ಏನಕ್ಕಾ ಇದು, ತಲೆ ಮೇಲೆ ಟೋಪಿ ಬೇರೆ?"

"ಇದು ಮೇಲೆ ತೇಲೋಕೆ ಮಾತ್ರ. ತಳ ಕೆರೆಯೋಕೆ ಹೋದಾಗ ನಿನ್ನ ಹಳೇದನ್ನೇ ತಗೊ. ಇದನ್ನ ಕಚ್ಚಿಕೊಂಡು ಮುಳುಗಬೇಡ. ಮುಳುಗಲೇಬೇಕು ಅಂದ್ರೆ ಬಾಯಿಂದ ತೆಗೆದು ಹೋಗು."

"ಯಾಕೆ, ಮುಳುಗಿದ್ರೆ ಸಿಟ್ಟು ಮಾಡಿಕೊಳ್ಳುತ್ತಾ?"

"ತಮಾಷೆ ಅಲ್ಲ ಕಣೋ. ಬಿಸಿಲಿಗೂ ಇಡಬೇಡ. ತಣ್ಣೀರಲ್ಲಿ ತೊಳಿ."

"ನೀನು ಹುಟ್ಟಿದ ತಕ್ಷಣ ಅತ್ತಿದ್ದೂ ಯಾರಿಗೋ ಎಚ್ಚರಿಕೆ ಕೊಡೋಕೇ ಇರಬೇಕು ಅಕ್ಕಾ."

ಮನೆಯಲ್ಲಿ ಅವನು ಹೀಗೆಯೇ. ಅಮ್ಮನನ್ನೂ ಬಿಡುತ್ತಿರಲಿಲ್ಲ. ಅಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಕತ್ತರಿ, ಇಕ್ಕಳಗಳನ್ನು ಕುದಿಸಿ ಕೊಡುವ ಕೆಲಸದಲ್ಲಿ ಜೀವಮಾನ ಸವೆಸಿದವಳು. ಬಾಯಿಗೆ ಹೋಗುವ ವಸ್ತು ಕುದಿಯದೆ ಹೋಗಕೂಡದು ಎಂಬುದು ಅವಳ ಕಾನೂನು. ಚಮಚ, ಬಾಟಲಿಯ ರಬ್ಬರು, ಮಗು ಕಚ್ಚುವ ಬಳೆ, ಎಲ್ಲವೂ ದೊಡ್ಡ ಅಲ್ಯೂಮಿನಿಯಂ ಪಾತ್ರೆಗೆ ಬೀಳುತ್ತಿದ್ದವು. ಬಂದರಿನ ಕೊಳಕು ನೀರಿನಿಂದ ತಮ್ಮನ ಬಾಯೆಲ್ಲ ಹುಣ್ಣಾಗಿ ಅನ್ನ ನುಂಗಲಾಗದೆ ನರಳಿದ ಮೇಲೆ ಅವನ ಕೊಳವೆಯೂ ಆ ಪಾತ್ರೆಗೆ ಸೇರಿತ್ತು. ಹಳೆಯ ರಬ್ಬರಿಗೆ ಅದರಿಂದ ಏನೂ ಆಗಲಿಲ್ಲ. ಹುಣ್ಣು ಮತ್ತೆ ಬರಲಿಲ್ಲ. ಅಮ್ಮ ಗೆದ್ದಳು.

"ಕೈಗೆ ಸಿಕ್ಕಿದ್ರೆ ನನ್ನನ್ನೂ ಒಂದು ಕುದಿ ಕುದಿಸಿ, ಒರೆಸಿ, ಬೀರುವಲ್ಲಿಡ್ತಾಳೆ," ಎನ್ನುತ್ತಿದ್ದ ತಮ್ಮ.

"ಇಡ್ತೀನಿ. ಆಗಲಾದ್ರೂ ಸುಮ್ಮನಿರ್ತೀಯ," ಎನ್ನುತ್ತಿದ್ದಳು ಅಮ್ಮ.

ಆ ದಿನ ನಡೆದದ್ದನ್ನು ಬೋಟಿನವನು ಆಸ್ಪತ್ರೆಯ ಕಾರಿಡಾರಿನಲ್ಲಿ ಹೇಳಿದ. ಮೈಮೇಲಿನ ಅಂಗಿ ಇನ್ನೂ ಒದ್ದೆಯಾಗಿತ್ತು, ನೆಲದ ಮೇಲೆ ಅವನ ಸುತ್ತ ನೀರು ನಿಂತಿತ್ತು. ಹೊರಡುವ ಹೊತ್ತಿಗೆ ಲಂಗರು ಬಂಡೆಯ ಸಂದಿಗೆ ಸಿಕ್ಕಿಕೊಂಡಿತ್ತು. ನೀರಲ್ಲೇ ಇದ್ದ ತಮ್ಮ, ನಾನು ಬಿಡಿಸ್ತೀನಿ ಎಂದು ಕೊಳವೆ ಕಚ್ಚಿಕೊಂಡೇ ಮುಳುಗಿದ. ಬಿಡಿಸಿದ.

"ಮೇಲೆ ಬಂದ ಅಕ್ಕಾ. ಬಂದಿದ್ದನ್ನ ನನ್ನ ಕಣ್ಣಾರೆ ನೋಡಿದೆ. ಕೊಳವೆ ನೀರಿಂದ ಮೇಲಿತ್ತು. ಬಾಯಿ ಹತ್ತಿರ ಗುಳ್ಳೆ ಎದ್ದವು, ಜೋರಾಗಿ ಊದಿದ. ಸರಿ ಅಂತ ನಾನು ಹಗ್ಗ ಎಳೆಯೋಕೆ ತಿರುಗಿದೆ. ಮತ್ತೆ ನೋಡಿದಾಗ ಮುಖ ಕೆಳಗೆ ಮಾಡಿಕೊಂಡು ತೇಲ್ತಾ ಇದ್ದ. ಎಲ್ಲರೂ ಹಾಗೇ ತಾನೆ ತೇಲೋದು? ಮೀನು ನೋಡ್ತಿದಾನೆ ಅಂದುಕೊಂಡೆ."

ಅವನ ಸುತ್ತ ಇದ್ದ ಪ್ರವಾಸಿಗಳೂ ಹಾಗೆಯೇ ಅಂದುಕೊಂಡಿದ್ದರು. ಒಬ್ಬಳು ಅವನ ಪಕ್ಕದಲ್ಲೇ ತೇಲುತ್ತ, ಅವನು ಯಾವ ಮೀನು ನೋಡುತ್ತಿರಬಹುದೆಂದು ತಾನೂ ಕೆಳಗೆ ಬಗ್ಗಿ ನೋಡುತ್ತಿದ್ದಳಂತೆ.

ಮುಳುಗಿ ಸತ್ತಿದ್ದಾನೆ ಎಂದರು ಡಾಕ್ಟರು. ಹುಟ್ಟಿದಾಗಿನಿಂದ ನೀರಲ್ಲಿದ್ದವನು ನೀರಿನ ಮೇಲಕ್ಕೆ ಬಂದು, ಕೊಳವೆ ಬಾಯಲ್ಲಿರುವಾಗಲೇ ಮುಳುಗಿ ಸತ್ತದ್ದು ಹೇಗೆ ಎಂದು ಯಾರೂ ಹೇಳಲಿಲ್ಲ. ತಮ್ಮನ ಹೆಂಡತಿ ಮಗುವನ್ನು ಎದೆಗವಚಿಕೊಂಡು ಬಂದವರನ್ನೆಲ್ಲ ಅದೊಂದನ್ನೇ ಕೇಳುತ್ತಿದ್ದಳು. "ಮೇಲೆ ಬಂದಿದ್ರಲ್ಲ? ಬಂದಿದ್ರಲ್ಲ?"

ಎಲ್ಲ ಮುಗಿದು ನಾನು ಮತ್ತೆ ಅಂಗಡಿಗೆ ಹೋಗತೊಡಗಿದ ಮೇಲೆ ಬೋಟಿನವನು ಬಂದು, ತಮ್ಮನ ಸಾಮಾನಿನ ಚೀಲವನ್ನು ಕೌಂಟರಿನ ಮೇಲಿಟ್ಟ. ಮನೆಗೆ ತರಲು ಧೈರ್ಯವಾಗಲಿಲ್ಲ ಎಂದ. ನಮ್ಮ ಮುಖ ನೋಡದೆ ಹೊರಟುಹೋದ. ಯಜಮಾನರೇ ಚೀಲ ಬಿಚ್ಚಿ ಸ್ನಾರ್ಕೆಲ್ ತೆಗೆದರು. ಬಕೆಟ್ಟನ್ನು ಕಾಲಿನಿಂದ ನನ್ನ ಕಡೆ ಸರಿಸಿದರು.

ಮುಳುಗಿಸಿದೆ. ಎತ್ತಿದೆ. ಕಿವಿಯ ಪಕ್ಕ ಹಿಡಿದೆ.

ಸದ್ದಿಲ್ಲ.

ಅಲುಗಿಸಿದೆ. ಬೆರಳಿನಿಂದ ತಟ್ಟಿದೆ. ಬಿಲ್ಲೆ ಮೇಲೆಯೇ ಕಚ್ಚಿಕೊಂಡಿತ್ತು. ಕೊಳವೆಯ ಇನ್ನೊಂದು ತುದಿಗೆ ಬಾಯಿಟ್ಟು ಎಳೆದೆ. ಕೆನ್ನೆಗಳು ಒಳಕ್ಕೆ ಹೋದವು, ಗಾಳಿ ಬರಲಿಲ್ಲ. ಎಳೆದಷ್ಟೂ ಅದು ಬಿಗಿಯಾಯಿತು. ಊದಿದೆ, ಉಸಿರು ಕೆಳಗಿನ ವಾಲ್ವಿನಿಂದ ಸುಲಭವಾಗಿ ಹೋಯಿತು. ಅವನು ಕೊನೆಯ ಉಸಿರನ್ನು ರೂಢಿಯಂತೆ ಊದಿ ಖಾಲಿ ಮಾಡಿದ್ದ. ಆಮೇಲೆ ಎಳೆದಿದ್ದ. ಕೊಳವೆಯನ್ನು ಉಗಿದು ಬಾಯಿ ತೆರೆಯುವಷ್ಟು ಎಚ್ಚರವೂ ಅವನಿಗೆ ಉಳಿದಿರಲಿಲ್ಲ. ಮೇಲೆ ತೇಲುವಾಗ ಸಣ್ಣ ಅಲೆಗಳಿಗೆ ಬಿಲ್ಲೆ ಹೇಗೋ ಬೀಳುತ್ತಿದ್ದಿರಬೇಕು. ಆಳಕ್ಕೆ ಹೋದಾಗ ನೀರು ಅದನ್ನು ಒತ್ತಿ ಕೂರಿಸಿಬಿಟ್ಟಿತ್ತು.

ಯಜಮಾನರು ಕನ್ನಡಕ ಹಾಕಿಕೊಂಡು ಗೂಡನ್ನು ಬೆಳಕಿಗೆ ಹಿಡಿದರು. "ನೋಡು, ಗೂಡು ಸೊಟ್ಟಗಾಗಿದೆ. ಇದಕ್ಕೆ ಬಿಸಿ ತಗಲಿದೆ. ಸರಿಯಾಗಿ ತಗಲಿದೆ." ಅದನ್ನು ಕೌಂಟರಿನ ಮೇಲಿಟ್ಟು ಅಂದರು: "ಎಂಜಿನ್ ಪೆಟ್ಟಿಗೆ ಮೇಲೆ ಇಟ್ಟಿರ್ತಾನೆ ಆ ಬೋಟಿನವನು. ಇದಕ್ಕೇ ಮುಖ ತೋರಿಸದೆ ಓಡಿದ್ದು. ತಾಳು, ವಿಚಾರಿಸ್ತೀನಿ."

ಅವರು ಫೋನಿಗೆ ಕೈ ಹಾಕುವಷ್ಟರಲ್ಲಿ ನಾನು ಕೊಳವೆಯ ಒಳಗೆ ನೋಡುತ್ತಿದ್ದೆ. ಗೂಡಿನ ಕೆಳಗೆ, ಒಳಗೋಡೆಗೆ, ಬೆಳ್ಳಗೆ ಒಂದು ಗೆರೆ. ಉಪ್ಪಿನದಲ್ಲ, ಉಪ್ಪು ಬಕೆಟ್ಟಿನ ನೀರಿಗೆ ಕರಗುತ್ತಿತ್ತು. ಉಗುರಿನಿಂದ ಕೆರೆದೆ. ಪುಡಿಪುಡಿಯಾಗಿ ಉದುರಿತು. ನಮ್ಮ ಮನೆಯ ನಲ್ಲಿಯ ಗಡಸು ನೀರು ಕುದಿದು ಆರಿದ ಮೇಲೆ ಅಲ್ಯೂಮಿನಿಯಂ ಪಾತ್ರೆಯ ಕಂಠಕ್ಕೆ ಕಟ್ಟುವ ಸುಣ್ಣ. ಪ್ರತಿ ವಾರ ತಿಕ್ಕಿ ತೆಗೆಯುವವಳು ನಾನೇ.

ಮುಚ್ಚಳ ಅದುರುವ ಸದ್ದು ಕಿವಿಯಲ್ಲಿ ಮತ್ತೆ ಕೇಳಿತು. ಅಂದು ಪಾತ್ರೆಯಲ್ಲಿದ್ದದ್ದು ಬಾಟಲಿಯಲ್ಲ.

"ಫೋನ್ ಮಾಡಬೇಡಿ ಯಜಮಾನ್ರೇ," ಎಂದೆ. "ಅವನು ಏನೂ ಮಾಡಿಲ್ಲ."

"ನಿಂಗೆ ಹೇಗೆ ಗೊತ್ತು?"

ಗೊತ್ತು ಎಂದರೆ ಹೇಗೆಂದು ಹೇಳಬೇಕು. ಗೊತ್ತಿಲ್ಲ ಎಂದರೆ ಮಕ್ಕಳೊಂದಿಗನಾದ ಆ ಮನುಷ್ಯನ ತಲೆಯ ಮೇಲೆ ಬೀಳುತ್ತದೆ. ಮಾತು ಎಷ್ಟು ಬೇಗ ನಾಲಿಗೆಗೆ ಬಂತೆಂದು ಈಗಲೂ ಹೆದರಿಕೆಯಾಗುತ್ತದೆ.

"ಕಿಟಕಿಯ ಗಾಜಿನ ಹಿಂದೆ ತೋರಿಸೋಕೆ ತೂಗುಹಾಕಿದ್ದೆವಲ್ಲ, ಆ ಪೀಸು ಅದು. ಬೇಸಿಗೆ ಪೂರ್ತಿ ಬಿಸಿಲಲ್ಲಿತ್ತು. ಬೇರೆ ಇರಲಿಲ್ಲ ಅಂತ ಅದನ್ನೇ ಕೊಟ್ಟೆ."

ಯಜಮಾನರು ಫೋನನ್ನು ಮೆಲ್ಲಗೆ ಕೆಳಗಿಟ್ಟರು. "ಬಕೆಟ್ಟಲ್ಲಿ ನೋಡದೆ ನೀನು ಯಾವುದನ್ನೂ ಕೊಡಲ್ವಲ್ಲಮ್ಮಾ?"

"ಇದನ್ನ ನೋಡಲಿಲ್ಲ. ಮನೆಯವನು ತಾನೆ ಅಂತ ಬಿಟ್ಟೆ."

ಅವರು ನನ್ನನ್ನು ಹೊಸಬಳನ್ನು ನೋಡಿದಂತೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. "ನಾಳೆಯಿಂದ ಕೌಂಟರಿಗೆ ಬರಬೇಡ," ಎಂದರು ಕೊನೆಗೆ. "ಹಿಂದಿನ ಕೋಣೆಲಿ ಬಾಡಿಗೆಗೆ ಹೋಗಿ ಬಂದ ರಬ್ಬರಂಗಿ ತೊಳೆಯೋ ಕೆಲಸ ಇದೆ. ಬೇಕಾದ್ರೆ ಮಾಡು. ಮನೆಯವರಿಗೆ ನಾನು ಹೇಳಲೇಬೇಕಾಗುತ್ತೆ. ಮುಚ್ಚಿಟ್ಟು ನನಗೆ ರೂಢಿ ಇಲ್ಲ."

ಸ್ನಾರ್ಕೆಲ್ಲನ್ನು ಅವರು ನನ್ನ ಕೈಗೇ ಕೊಟ್ಟರು. ಹಿಂದಿನ ಕೋಣೆಯಲ್ಲಿ ರಬ್ಬರು ಕತ್ತರಿಸುವ ದೊಡ್ಡ ಕತ್ತರಿಯಿಂದ ಅದನ್ನು ಚೂರು ಮಾಡಿದೆ. ಮನೆಗೆ ಹೋಗುವಾಗ ಬೇರೆ ಬೇರೆ ಕಸದ ಡಬ್ಬಿಗಳಿಗೆ ಹಾಕಿದೆ. ಯಾರೋ ಹಿಂದಿನಿಂದ ನೋಡುತ್ತಿದ್ದಾರೆ ಎನಿಸಿ ಪ್ರತಿ ಡಬ್ಬಿಯ ಹತ್ತಿರವೂ ತಿರುಗಿ ನೋಡಿದೆ. ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ.

ನನಗಿಂತ ಮೊದಲು ಸುದ್ದಿ ಮನೆ ತಲುಪಿತ್ತು. ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಅತ್ತಿಗೆ, ಊರವರಿಗೆಲ್ಲಾ ಆರಿಸಿ, ಕಿವಿಗೆ ಹಿಡಿದು ಕೊಡ್ತೀರಂತೆ. ಇವರಿಗೆ ಮಾತ್ರ ಬಿಸಿಲಿಗೆ ಒಣಗಿದ್ದು ಸಿಕ್ತಾ?"

ನಾನು ಚಪ್ಪಲಿ ಬಿಡುತ್ತಿದ್ದೆ. ಬಿಡುವುದು ಮುಗಿದರೂ ಬಗ್ಗಿಕೊಂಡೇ ಇದ್ದೆ.

"ಮಾತಾಡಿ. ದಿನಾ ನಮ್ಮ ತಲೆ ತಿಂತಿದ್ರಲ್ಲ, ಗ್ಯಾಸ್ ನೋಡಿದ್ರಾ, ಚಿಲಕ ನೋಡಿದ್ರಾ ಅಂತ. ಈಗ ಮಾತಾಡಿ."

ಒಳಗಿನಿಂದ ಅಮ್ಮ ಬಂದಳು. ಅವಳ ಮುಖ ಕೆಲವೇ ದಿನಗಳಲ್ಲಿ ಸಣ್ಣದಾಗಿಬಿಟ್ಟಿತ್ತು. "ಅವನು ಹಿಂದಿನ ದಿನ ತಂದಿಟ್ಟಾಗ ಹೊಸದು ಅಂತ ಎಷ್ಟು ಖುಷಿಪಟ್ಟಿದ್ದೆ," ಎಂದಳು, ನನಗಲ್ಲ, ಗೋಡೆಗೆ ಹೇಳುವಂತೆ. "ಅಂಗಡಿಲಿ ಎಷ್ಟು ಜನ ಮುಟ್ಟಿರ್ತಾರೋ, ಮತ್ತೆ ಬಾಯಿ ಹುಣ್ಣಾದೀತು ಅಂತ ರಾತ್ರಿನೇ ಎದ್ದು ಕುದಿಸಿದೆ. ಒರೆಸಿ, ಶುಭ್ರವಾದ ಬಟ್ಟೆ ಸುತ್ತಿ ಅವನ ಚೀಲದಲ್ಲಿಟ್ಟೆ. ನನ್ನ ಕಡೆಯಿಂದ ಏನೂ ಕಮ್ಮಿ ಮಾಡಲಿಲ್ಲ. ನೀನು ಹೀಗೆ ಮಾಡಿದೆಯಲ್ಲೇ."

ತಮ್ಮನ ಹೆಂಡತಿ ತಟ್ಟನೆ ಅಮ್ಮನ ಕಡೆ ತಿರುಗಿದಳು. "ಕುದಿಸಿದ್ರಾ ಅತ್ತೆ? ಬಿಸಿಗೆ ಸೊಟ್ಟಗಾಗಿತ್ತು ಅಂದ್ರು ಯಜಮಾನ್ರು..."

ಅವಳು ಬುದ್ಧಿವಂತೆ. ಆ ವಾಕ್ಯ ಮುಂದೆ ಎಲ್ಲಿಗೆ ಹೋಗುತ್ತದೆಂದು ನನಗೆ ಕಾಣುತ್ತಿತ್ತು. ಅಮ್ಮನಿಗೆ ಇನ್ನೂ ಕಂಡಿರಲಿಲ್ಲ. ಅವಳು ಸೊಸೆಯ ಮುಖವನ್ನು ನೋಡುತ್ತ, ಏನು ಕೇಳಿದಳೆಂದು ತಿಳಿಯಲು ಕಣ್ಣು ಕಿರಿದು ಮಾಡಿದ್ದಳು. ಸೆರಗಿನ ತುದಿ ಬೆರಳುಗಳ ನಡುವೆ ಇತ್ತು. ಹಬೆ ತಗಲಿ ತಗಲಿ ಆ ಬೆರಳುಗಳ ಗೆರೆಗಳೇ ಅಳಿಸಿಹೋಗಿವೆ.

"ಕುದಿಸಿದ್ರೆ ಅದಕ್ಕೆ ಏನೂ ಆಗಲ್ಲ," ಎಂದೆ. ನನ್ನ ಧ್ವನಿ ಕೌಂಟರಿನ ಧ್ವನಿಯಾಗಿತ್ತು, ಗಟ್ಟಿಯಾಗಿ, ಸ್ಪಷ್ಟವಾಗಿ. "ಹಳೇದನ್ನೂ ಕುದಿಸ್ತಿರಲಿಲ್ವಾ? ಅದಕ್ಕೇನಾಯ್ತು? ಬಿಸಿಲೇ ಬೇರೆ. ತಿಂಗಳುಗಟ್ಟಲೆ ಬಿದ್ದು ಒಳಗಿಂದ ತಿಂದುಹಾಕುತ್ತೆ. ತಪ್ಪು ನಂದೇ."

ತಮ್ಮನ ಹೆಂಡತಿ ನನ್ನನ್ನು ಬಹಳ ಹೊತ್ತು ನೋಡಿದಳು. ಸ್ನಾರ್ಕೆಲ್ ವಿಷಯದಲ್ಲಿ ನನ್ನ ಮಾತಿಗೆ ಎದುರು ಮಾತಿಲ್ಲವೆಂದು ಅವಳ ಗಂಡನೇ ಅವಳಿಗೆ ಹೇಳಿಟ್ಟಿದ್ದ. ಅವಳು ನಂಬಿದಳು. ನಂಬಿದ್ದು ನನಗೆ ಕಂಡಿತು, ಯಾಕೆಂದರೆ ಅವಳ ಕಣ್ಣಲ್ಲಿ ನನ್ನ ಬಗ್ಗೆ ಉಳಿದಿದ್ದದ್ದೇನೋ ಆಗ ಆರಿತು. ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಮ್ಮ ಹತ್ತಿರ ಬಂದಳು. ಹೊಡೆಯುತ್ತಾಳೆಂದು ನಿಂತೆ. ಹೊಡೆಯಲಿಲ್ಲ.

"ನನ್ನ ಮಗನನ್ನ ತಿಂದುಬಿಟ್ಟೆ ಕಣೇ," ಎಂದಳು.

ಆಗ ನನ್ನ ಬಾಯಿ ತೆರೆಯಿತು. ಸುಳ್ಳಾಡುವುದಿಲ್ಲ, ತೆರೆಯಿತು. ಒಂದೇ ಒಂದು ಮಾತು, ಪಾತ್ರೆಯ ಕಂಠದ ಸುಣ್ಣವನ್ನು ಬೆರಳಿನಿಂದ ತೋರಿಸಿದ್ದರೂ ಸಾಕಿತ್ತು. ಅವಳಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಅರ್ಥವಾದ ಮೇಲೆ ಅವಳು ಏನು ಮಾಡಿಕೊಳ್ಳುತ್ತಿದ್ದಳು ಎಂಬುದೂ ನನಗೆ ಗೊತ್ತಿತ್ತು. ಈ ಮನೆಯಿಂದ ಬಂದರಿನ ಗೋಡೆ ದೂರವಿಲ್ಲ.

"ಹೌದಮ್ಮಾ," ಎಂದೆ.

ಅವತ್ತಿನಿಂದ ನನ್ನ ತಟ್ಟೆಯನ್ನು ನಾನೇ ಹಾಕಿಕೊಳ್ಳುತ್ತೇನೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ರಬ್ಬರಂಗಿಗಳನ್ನು ತೊಳೆದು ತೂಗುಹಾಕುತ್ತೇನೆ. ನೀರು ಸೋರುವಾಗ ತಲೆಯಿಲ್ಲದ ಮನುಷ್ಯರು ಸಾಲಾಗಿ ನಿಂತಂತೆ ಕಾಣುತ್ತವೆ. ಕೌಂಟರಿನಲ್ಲಿ ಈಗ ಯಜಮಾನರ ತಂಗಿಯ ಮಗಳಿದ್ದಾಳೆ. ಬಣ್ಣ ಕೇಳಿ ಕೊಡುತ್ತಾಳೆ. ಬಕೆಟ್ಟು ಒಣಗಿದೆ. ಹೇಳಬೇಕೆಂದು ಒಮ್ಮೆ ಬಾಗಿಲ ತನಕ ಹೋದೆ. ತಮ್ಮನಿಗೇ ನೋಡದೆ ಕೊಟ್ಟವಳು ಯಾವ ಬಾಯಲ್ಲಿ ಹೇಳಲಿ ಎಂದು ಹಿಂದಿರುಗಿದೆ.

ನಿನ್ನೆ ಸಂಜೆ ಬಂದಾಗ ಅಮ್ಮ ಸ್ಟವ್ ಮುಂದೆ ನಿಂತಿದ್ದಳು. ಮಗು ಹಸಿದು ಅಳುತ್ತಿತ್ತು. ಪಾತ್ರೆಯಲ್ಲಿ ನೀರು ಕಾಯುತ್ತಿತ್ತು, ಬಾಟಲಿಗಳು ಕಟ್ಟೆಯ ಮೇಲಿದ್ದವು. ಒಂದು ಹೊಸದು. ಅಮ್ಮ ಅತ್ತ ತಿರುಗಿದಾಗ ಅದನ್ನೆತ್ತಿ ತಳ ನೋಡಿದೆ, ಕುತ್ತಿಗೆ ಒತ್ತಿ ನೋಡಿದೆ. ಗಾಜಿನದೇ. ಕುದಿಸಬಹುದು. ಇದ್ದಲ್ಲೇ ಇಟ್ಟೆ.

"ಇಕ್ಕಳ ಎಲ್ಲಿ?" ಎಂದಳು ಅಮ್ಮ, ಯಾರಿಗೂ ಅಲ್ಲದ ಹಾಗೆ.

ಮೊಳೆಯಿಂದ ತೆಗೆದು ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. "ತೊಳೆದು ಕೊಡು. ನೀನು ಮುಟ್ಟಿದ್ದು."

ತೊಳೆದು ಕೊಟ್ಟೆ. ಅವಳು ಬಾಟಲಿಗಳನ್ನು ಒಂದೊಂದಾಗಿ ನೀರಿಗಿಳಿಸಿದಳು, ಒಂದಕ್ಕೊಂದು ತಾಗದಂತೆ, ಎಷ್ಟೋ ಸಾವಿರ ಕತ್ತರಿಗಳನ್ನು ಇಳಿಸಿದ ಅದೇ ಮೆಲ್ಲನೆಯ ಕೈಯಿಂದ. ಮುಚ್ಚಳ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಅದು ಅದುರತೊಡಗಿತು. ನಾನು ಅವಳ ಹಿಂದೆ, ಅವಳಿಗೆ ಅಡ್ಡವಾಗದಷ್ಟು ದೂರದಲ್ಲಿ ನಿಂತು ಕೇಳುತ್ತಿದ್ದೆ.

ಹೇಳುವುದಿಲ್ಲ. ಇವಳಿಗೂ ಇಲ್ಲ, ಒಳಗಿರುವವಳಿಗೂ ಇಲ್ಲ. ಅಮ್ಮನ ಕಾಲ ಮುಗಿದ ಮೇಲೂ ಇಲ್ಲ. ಈ ಮಗು ದೊಡ್ಡವನಾಗಿ ನನ್ನೆದುರು ನಿಂತು, ನಮ್ಮಪ್ಪನಿಗೆ ಏನಾಯ್ತು ಅತ್ತೆ ಎಂದು ಕೇಳಿದರೂ, ಬಿಸಿಲು ಎಂದೇ ಹೇಳುತ್ತೇನೆ.